ಒಂದು ಬೀಡಿಯ ಹೊತ್ತು

ಶ್ರದ್ಧಾಂಜಲಿ ಸಭೆಯಲ್ಲಿ ಆರು ಮಂದಿ ಮಾತಾಡಿದರು. ಆರು ಮಂದಿಯೂ ತೀರಿಕೊಂಡವರು ಬೀಡಿ ಬಿಟ್ಟ ಸಂಗತಿಯನ್ನೇ ಎತ್ತಿದರು. ಮೂವತ್ತು ವರ್ಷ ಪುತ್ತೂರಿನ ನೋಂದಣಿ ಕಚೇರಿಯ ಜಗಲಿಯಲ್ಲಿ ಕೂತು ದಸ್ತಾವೇಜು ಬರೆದ ಮನುಷ್ಯನ ಅಕ್ಷರ ಹೇಗಿತ್ತು, ಎಷ್ಟು ಮನೆಗಳ ಪಾಲುಪತ್ರ ಅವರ ಕೈಯಲ್ಲಿ ಆಯಿತು ಎಂದು ಒಬ್ಬರೂ ಹೇಳಲಿಲ್ಲ. "ಎಂಥ ಮನೋಬಲ! ತುಂಬಿದ ಸಭೆಯಲ್ಲಿ ಪ್ರತಿಜ್ಞೆ ಮಾಡಿದವರು, ಕೊನೆಯುಸಿರಿನ ತನಕ ಒಂದು ಬೀಡಿ ಮುಟ್ಟಲಿಲ್ಲ" ಎಂದು ಒಬ್ಬರು ಹೇಳಿದರೆ ಇನ್ನೊಬ್ಬರು ಅದಕ್ಕೆ ಸಂಸ್ಕೃತ ಸೇರಿಸಿ ಹೇಳಿದರು. ಆರನೆಯವರು ಇದನ್ನು ಶಾಲೆಯ ಮಕ್ಕಳಿಗೆ ಪಾಠವಾಗಿ ಇಡಬೇಕು ಎಂದರು. ನಾನು ಹಿಂದಿನ ಬೆಂಚಿನಲ್ಲಿ ಕೂತು ಕೊಡೆಯ ಹಿಡಿಯನ್ನು ತಿರುಗಿಸುತ್ತಿದ್ದೆ. ಅವರ ಮೇಜಿಗೂ ನನ್ನ ಮೇಜಿಗೂ ನಡುವೆ ಇದ್ದದ್ದು ಒಂದು ಮೊಳ ಜಾಗ. ಬೀಡಿ ಬಿಟ್ಟದ್ದು ಅವರು. ಬಿಟ್ಟದ್ದನ್ನು ಅನುಭವಿಸಿದ್ದು ನಾವು.

ಸತ್ತವರ ಬಗ್ಗೆ ಹೀಗೆಲ್ಲ ಬರೆಯಬಾರದು ಎಂದು ನನ್ನ ಹೆಂಡತಿ ಹೇಳುತ್ತಾಳೆ. ಹೆಸರು ಹಾಕುವುದಿಲ್ಲ ಎಂದು ಅವಳಿಗೆ ಮಾತು ಕೊಟ್ಟು ಬರೆಯಲು ಕೂತಿದ್ದೇನೆ.

ಬೀಡಿ ಎಳೆಯುತ್ತಿದ್ದ ಕಾಲದಲ್ಲಿ ಅವರು ಒಳ್ಳೆಯ ಬರಹಗಾರರೇ. ಇದನ್ನು ಒಪ್ಪಿಕೊಳ್ಳದಿದ್ದರೆ ನನ್ನ ಮಾತಿಗೆ ಬೆಲೆಯಿಲ್ಲ. ನಮ್ಮ ಕೆಲಸದ ಕ್ರಮ ಗೊತ್ತಿಲ್ಲದವರಿಗೆ ಒಂದು ಮಾತು: ಪತ್ರ ಬರೆಸಲು ಬಂದ ಪಕ್ಷಗಾರರು ಹೇಳಿದ್ದನ್ನು ಮೊದಲು ಬಿಳಿ ಕಾಗದದಲ್ಲಿ ಕರಡು ಮಾಡುತ್ತೇವೆ. ಕರಡನ್ನು ಅವರ ಮುಂದೆ ಗಟ್ಟಿಯಾಗಿ ಓದುತ್ತೇವೆ. ಸರಿ ಎಂದರೆ ಛಾಪಾ ಕಾಗದಕ್ಕೆ ಏರಿಸುತ್ತೇವೆ. ಅಲ್ಲಿ ಏರಿದ ಮೇಲೆ, ಹೆಬ್ಬೆಟ್ಟು ಬಿದ್ದ ಮೇಲೆ, ಬಿಟ್ಟುಹೋದದ್ದು ಬಿಟ್ಟೇಹೋಯಿತು. ಇವರು ಕರಡು ಓದಿ ಮುಗಿಸಿದೊಡನೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಒಂದು ಬೀಡಿ ಹಚ್ಚುತ್ತಿದ್ದರು. ಅದು ಮುಗಿಯುವ ತನಕ ಒಂದು ಮಾತಿಲ್ಲ. ಕಣ್ಣು ರಸ್ತೆಯ ಕಡೆಗೆ, ಹೊಗೆ ಮಾಡಿನ ಹಂಚಿನ ಕಡೆಗೆ. ಆ ಹೊತ್ತಿನಲ್ಲಿ ಎದುರು ಕೂತವರಿಗೆ ಒಂದೊಂದೇ ನೆನಪಾಗುತ್ತಿತ್ತು. "ಅಯ್ಯೋ ರಾಯ್ರೆ, ಮೂಡು ಬದಿಯ ಹಲಸಿನ ಮರ ಬಿಟ್ಟುಹೋಯ್ತಲ್ಲ!" "ಗದ್ದೆಗೆ ಇಳಿಯುವ ದಾರಿ ಬರ್ದಿದ್ದೀರಾ?" ಎಂದು ಬಾಯಿ ಬಿಡುತ್ತಿದ್ದರು. ಅಕ್ಷರ ಬಾರದವರ ನೆನಪು ಕಾಗದದ ಹಾಗೆ ಸಾಲು ಹಿಡಿದು ಬರುವುದಿಲ್ಲ. ಅಂಗಳ ಸುತ್ತಿ, ಹಟ್ಟಿ ಹೊಕ್ಕು, ತೋಡು ದಾಟಿ ಬರುತ್ತದೆ. ಅದಕ್ಕೆ ಹೊತ್ತು ಬೇಕು. ಆ ಹೊತ್ತನ್ನು ಅವರ ಬೀಡಿ ಕೊಡುತ್ತಿತ್ತು. ಹಾಗೆಂದು ಅವರು ಬೇಕೆಂದೇ ಹೀಗೆ ಮಾಡುತ್ತಿದ್ದರೆಂದು ಯಾರೂ ತಿಳಿಯುವುದು ಬೇಡ. ಅವರು ಬೀಡಿ ಎಳೆಯುತ್ತಿದ್ದದ್ದು ಬೀಡಿಗಾಗಿ.

ಅರ್ಧ ಎಳೆದದ್ದನ್ನು ನಂದಿಸಿ ಬಲಗಿವಿಯ ಮೇಲೆ ಸಿಕ್ಕಿಸಿಕೊಳ್ಳುವುದು ಅವರ ಅಭ್ಯಾಸ. ಅಲ್ಲಿಂದಲೇ ಎಲ್ಲ ಶುರುವಾದದ್ದು.

ಅವರಿಗೆ ತಾಳಮದ್ದಳೆಯ ಮರುಳು. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಮಾತಿನಲ್ಲಿ ಪಾತ್ರ ಕಟ್ಟಬೇಕು. ನಮ್ಮ ಕಡೆ ಮಳೆಗಾಲದಲ್ಲಿ ವಕೀಲರಿಂದ ಹಿಡಿದು ಅಂಗಡಿಯವರ ತನಕ ಎಲ್ಲರಿಗೂ ಅದೇ ಕೆಲಸ. ಹೊಸ ಪೈಸೆ ಬಂದ ವರ್ಷ, ಒಂದು ಭಾನುವಾರ ಮಧ್ಯಾಹ್ನ ಶಾಲೆಯ ಹಾಲಿನಲ್ಲಿ ಕೂಟ. ಅವರದ್ದು ಕೊಟ್ಟ ಮಾತಿಗಾಗಿ ಎಲ್ಲವನ್ನೂ ಬಿಟ್ಟುಬಿಡುವ ಒಬ್ಬ ರಾಜನ ಪಾತ್ರ. ಎದುರಿಗೆ ಮುನಿಯಾಗಿ ಕೂತವರು ಕಬಕದ ಒಬ್ಬ ಮಾಸ್ತರು. ಇವರು ಅರ್ಧ ಗಂಟೆ ತಮ್ಮ ತ್ಯಾಗವನ್ನು ತಾವೇ ಹೊಗಳಿಕೊಂಡರು. ಮಾಸ್ತರು ತಾಳ್ಮೆಯಿಂದ ಕೇಳಿ ಕೊನೆಗೆ ಅಂದರು: "ಮಹಾರಾಜ, ರಾಜ್ಯ ಬಿಟ್ಟೆ, ಕೋಶ ಬಿಟ್ಟೆ, ಸಕಲವನ್ನೂ ಬಿಟ್ಟೆ ಎಂದೆ. ಬಹಳ ಸಂತೋಷ. ನಿನ್ನ ಬಲಗಿವಿಯ ಮೇಲೆ ಇನ್ನೂ ಏನೋ ಒಂದು ಉಳಿದಿದೆಯಲ್ಲ, ಅದು ಕಿರೀಟದ ತುಂಡೋ?"

ಶಾಲೆಯ ಮಾಡು ಹಾರಿಹೋಗುವಂತೆ ನಗೆ. ಭಾಗವತರೇ ಜಾಗಟೆ ಕೆಳಗಿಟ್ಟು ನಕ್ಕರು. ಇವರ ಮುಖ ಕೆಂಪಾಯಿತು. ಕಿವಿಯ ಮೇಲಿನ ತುಂಡನ್ನು ತೆಗೆದು ಎರಡೂ ಅಂಗೈಯ ನಡುವೆ ಹೊಸೆದು ಪುಡಿ ಮಾಡಿ ಎದ್ದು ನಿಂತರು. "ಮುನಿವರ್ಯ, ಇದೂ ನನ್ನದಲ್ಲ! ಈ ಕ್ಷಣದಿಂದ, ಈ ಸಭೆಯೇ ಸಾಕ್ಷಿಯಾಗಿ, ಈ ದೇಹದಲ್ಲಿ ಉಸಿರಿರುವಷ್ಟು ಕಾಲ ಇದನ್ನು ತ್ಯಜಿಸಿದ್ದೇನೆ!" ಚೆಂಡೆ ಬಡಿಯಿತು. ಚಪ್ಪಾಳೆ ಎಷ್ಟು ಹೊತ್ತು ನಡೆಯಿತೆಂದರೆ ಮಾಸ್ತರಿಗೆ ಮುಂದಿನ ಮಾತು ಆಡಲಿಕ್ಕೇ ಆಗಲಿಲ್ಲ.

ಮರುದಿನ ಬೆಳಿಗ್ಗೆ ಕಚೇರಿಯ ಎದುರಿನ ಹೋಟೆಲಿಗೆ ಹೋಗಿ ಎಂದಿನಂತೆ ಒಂದು ಕಟ್ಟು ಬೀಡಿ ಕೇಳಿದರು. ನಾನು ಅಲ್ಲೇ ಗೋಳಿಬಜೆ ತಿನ್ನುತ್ತಿದ್ದೆ.

ಹೋಟೆಲಿನ ಶೀನಪ್ಪ ಕೈ ಮುಂದೆ ಮಾಡಲಿಲ್ಲ. "ಎಂತ ರಾಯ್ರೆ, ನಿನ್ನೆ ಬಿಟ್ಟದ್ದಲ್ವಾ?"

"ಅದು ರಾಜ ಬಿಟ್ಟದ್ದು ಮಾರಾಯ."

"ಬಿಟ್ಟದ್ದು ರಾಜ ಆದ್ರೆ ಚಪ್ಪಾಳೆ ತೆಗೊಂಡದ್ದು ಯಾರು?"

ಹೋಟೆಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವರಿಗೆ ಬೇರೆ ದಾರಿ ಇರಲಿಲ್ಲ. ನಕ್ಕಂತೆ ಮಾಡಿ, "ನಿನ್ನನ್ನು ಪರೀಕ್ಷೆ ಮಾಡಿದ್ದು" ಎಂದು ಹೇಳಿ ಒಂದು ಗ್ಲಾಸು ಚಾ ಕುಡಿದು ಬಂದರು. ಅಂದಿನಿಂದ ಅವರ ವ್ರತ ಊರಿನ ಆಸ್ತಿಯಾಯಿತು. ಬೀಡಿ ಬಿಟ್ಟದ್ದು ಮನೋಬಲದಿಂದ ಎನ್ನುವವರಿಗೆ ನನ್ನದೊಂದೇ ಉತ್ತರ: ಪುತ್ತೂರಿನಲ್ಲಿ ಅವರಿಗೆ ಯಾರೂ ಬೀಡಿ ಕೊಡಲಿಲ್ಲ.

ಮೊದಲು ತೊಂದರೆ ಕೊಟ್ಟದ್ದು ಅವರ ಬಲಗೈ. ಗಳಿಗೆಗೊಮ್ಮೆ ಅದು ತಾನೇ ಎದ್ದು ಕಿವಿಯ ಮೇಲಕ್ಕೆ ಹೋಗುತ್ತಿತ್ತು. ಅಲ್ಲಿ ಏನೂ ಸಿಗದೆ ಕಿವಿಯನ್ನೇ ಕೆರೆಯುತ್ತಿತ್ತು. ಖಾಲಿ ಜಾಗ ತುಂಬಲೆಂದು ಲೇಖನಿಯನ್ನು ಅಲ್ಲಿ ಸಿಕ್ಕಿಸಿಕೊಂಡರು. ಶಾಯಿ ಕಿವಿಯಿಂದ ಕೊರಳಿಗೆ, ಕೊರಳಿನಿಂದ ಅಂಗಿಗೆ ಇಳಿಯಿತು. ಆಮೇಲೆ ಬಾಯಿ. ಲವಂಗ, ಒಣಶುಂಠಿ, ಬೇಯಿಸಿ ಒಣಗಿಸಿದ ಹಲಸಿನ ಬೀಜ, ಪುನರ್ಪುಳಿ ಹಣ್ಣಿನ ಕೆಂಪು ಒಣಸಿಪ್ಪೆ — ಮೇಜಿನ ಖಾನೆಯಲ್ಲಿ ಕಾಗದಪತ್ರಕ್ಕಿಂತ ಇವೇ ಹೆಚ್ಚು. ಹಲಸಿನ ಬೀಜ ಕಡಿಯುವ ಸದ್ದಿಗೆ ನಾನು ಕೂಡಿಸಿದ ಲೆಕ್ಕ ತಪ್ಪುತ್ತಿತ್ತು. ಪುನರ್ಪುಳಿ ಮುಟ್ಟಿದ ಬೆರಳಿನಲ್ಲೇ ಕರಡು ಹಿಡಿದು ಕಾಗದದ ಅಂಚೆಲ್ಲ ಕೆಂಪಾಗಿ, ಒಬ್ಬ ಅಜ್ಜಿ "ಇದೆಂತ, ನೆತ್ತರಾ?" ಎಂದು ಹೆದರಿ ಕೈ ಹಿಂದೆ ತೆಗೆದಳು.

ಬೀಡಿ ಬಿಟ್ಟವರು ಬೆಂಕಿಪೆಟ್ಟಿಗೆಯನ್ನು ಬಿಟ್ಟಿರಲಿಲ್ಲ. ಕಡ್ಡಿ ಗೀರಿ, ಅದು ಬೆರಳಿನ ತನಕ ಉರಿಯುವುದನ್ನು ನೋಡಿ, ಊದಿ ಎಸೆಯುವರು. ಮತ್ತೊಂದು ಗೀರುವರು. ಸಂಜೆ ಜಗಲಿ ಗುಡಿಸುವವಳು "ಇಲ್ಲಿ ದಿನಾ ಎಂತ ಹೋಮ ಆಗುದು?" ಎಂದು ಕೇಳಿದಳು.

ಕೂತಲ್ಲಿ ಕೂರಲು ಆಗದೆ ಜಗಲಿಯ ಆ ತುದಿಯಿಂದ ಈ ತುದಿಗೆ ನಡೆಯುವುದು ಶುರುವಾಯಿತು. ಪಕ್ಷಗಾರರು ತಮ್ಮ ಸಂಗತಿ ಹೇಳುತ್ತ ಅವರ ಹಿಂದೆಯೇ ನಡೆಯಬೇಕು. ಸುಳ್ಯದ ಕಡೆಯ ಗೌಡರೊಬ್ಬರು ಗೇಣಿ ಚೀಟು ಬರೆಸಲು ಬಂದು ಇವರೊಡನೆ ಹತ್ತು ಸುತ್ತು ಹಾಕಿ, ಸೋತು ನನ್ನ ಮೇಜಿನ ಹತ್ತಿರ ನಿಂತರು. "ನಾನು ಬರೆಸ್ಲಿಕ್ಕೆ ಬಂದದ್ದಾ, ಗದ್ದೆ ಉಳ್ಲಿಕ್ಕೆ ಬಂದದ್ದಾ ನನಗೇ ಗೊತ್ತಾಗುದಿಲ್ಲ ಮಾರಾಯ್ರೆ. ನೀವೇ ಬರ್ದು ಕೊಡಿ, ಕಾಲು ನೋಯ್ತದೆ" ಎಂದರು.

ಇಷ್ಟಾದರೂ ಉಪದೇಶಕ್ಕೆ ಕಡಿಮೆಯಿಲ್ಲ. ಜಗಲಿಯಲ್ಲಿ ಯಾರಾದರೂ ಬೀಡಿ ಹಚ್ಚಿದರೆ ಗಾಳಿ ಯಾವ ಕಡೆಗೆ ಬೀಸುತ್ತದೆ ಎಂದು ನೋಡಿ ಆ ಕಡೆಗೆ ಕುರ್ಚಿ ಎಳೆದುಕೊಳ್ಳುತ್ತಿದ್ದರು. ಮೂಗರಳಿಸಿ ಹೊಗೆಯೆಲ್ಲ ಕುಡಿದ ಮೇಲೆ, "ಮನಸ್ಸು ಗಟ್ಟಿ ಇರ್ಬೇಕು ಮಾರಾಯ್ರೆ, ಮನಸ್ಸು. ನನ್ನನ್ನು ನೋಡಿ" ಎಂದು ಆರಂಭ. ಕಡಬದಿಂದ ಬಂದ ಒಬ್ಬರು ನಿಜವಾಗಿಯೂ ನೋಡಿದರು. ಅವರಿಗೆ ಕೆಮ್ಮು, ಬೀಡಿ ಬಿಡುವ ಆಸೆ. "ಹೇಗೆ ಬಿಡುದು ಹೇಳಿಕೊಡಿ" ಎಂದು ಎದುರು ಕೂತರು. ಇವರು ಹೇಳುತ್ತಾ ಹೋದರು. ಹೇಳುತ್ತಲೇ ಎರಡು ಸಲ ಎದ್ದು ನಡೆದು ಬಂದರು, ಐದು ಕಡ್ಡಿ ಗೀರಿದರು, ಒಂದು ಮುಷ್ಟಿ ಬೀಜ ಕಡಿದರು, ನಡುವೆ ನನ್ನ ಮೇಲೆ ಸುಮ್ಮನೆ ರೇಗಿದರು. ಕಡಬದವರು ಎದ್ದು ಕೈಮುಗಿದರು. "ನಿಮ್ಮ ಅವಸ್ಥೆ ನೋಡಿದ್ರೆ ನನಗೆ ಕೆಮ್ಮೇ ಸಾಕು ಅಂತ ಕಾಣ್ತದೆ" ಎಂದು ಹೇಳಿ ಮೆಟ್ಟಿಲಿಳಿಯುತ್ತಲೇ ಒಂದು ಹಚ್ಚಿದರು.

ಅವರ ಹೆಂಡತಿ ನನ್ನ ಹೆಂಡತಿಯ ಹತ್ತಿರ ಹೇಳಿದ ಮಾತು ಬೇರೆ. ಸಾರಿಗೆ ಉಪ್ಪು ಹೆಚ್ಚು ಎನ್ನುವುದು, ನೀರು ಬೆರೆಸಿ ತಂದರೆ ಉಪ್ಪೇ ಇಲ್ಲ ಎನ್ನುವುದು. ಬಾಗಿಲಿನ ಸದ್ದು ಆಗಬಾರದು, ಆದರೆ ತಾವು ದಿನಕ್ಕೆ ಇಪ್ಪತ್ತು ಸಲ ಆ ಬಾಗಿಲು ದಾಟುವುದು. "ಬೀಡಿ ಎಳೆಯುವಾಗ ಒಬ್ಬ ಮನುಷ್ಯ ಮನೆಯಲ್ಲಿದ್ದ ಅಕ್ಕ. ಈಗ ಯಾರಿದ್ದಾರೆ ಅಂತ ಗೊತ್ತಾಗುದಿಲ್ಲ" ಎಂದರಂತೆ ಆ ತಾಯಿ. ತಡೆಯಲಾರದೆ ಒಂದು ದಿನ ಕೆಲಸದವಳಿಂದ ಒಂದು ಕಟ್ಟು ಬೀಡಿ ತರಿಸಿ ಅವರಿಗೆ ಕಾಣುವ ಹಾಗೆ ಕನ್ನಡಿಯ ಹಿಂದೆ ಇಟ್ಟರು. ಯಾರೂ ನೋಡದಂತೆ ಒಂದು ಎಳೆದು ಸಮಾಧಾನವಾಗಲಿ ಎಂಬ ಕರುಣೆ ಅದು. ಇವರು ಮಾಡಿದ್ದೇನು? ಕಟ್ಟನ್ನು ಹೋಟೆಲಿಗೆ ತಂದು, ಹತ್ತು ಜನರ ಮುಂದೆ ಒಂದೊಂದೇ ಬೀಡಿ ಮುರಿದು, "ಮನೆಯಲ್ಲೇ ಶತ್ರುಗಳು ಇದ್ದಾರೆ, ಆದ್ರೂ ನಾನು ಜಗ್ಗಲಿಲ್ಲ" ಎಂದರು. ಅವರ ಹೆಂಡತಿ ಒಂದು ತಿಂಗಳು ಅಂಗಡಿಗೆ ಬರಲಿಲ್ಲ. ಶ್ರದ್ಧಾಂಜಲಿ ಸಭೆಯ ಮೂರನೆಯ ಭಾಷಣಕಾರರು ಈ ಕಥೆಯನ್ನೂ ಹೇಳಿದರು, ಮೆಚ್ಚಿಗೆಯಿಂದ. ಮುಂದಿನ ಸಾಲಿನಲ್ಲಿ ಆ ತಾಯಿ ತಲೆ ತಗ್ಗಿಸಿ ಕೂತಿದ್ದರು.

ಇದೆಲ್ಲ ನಗುವ ಸಂಗತಿಗಳೇ. ಐಸಮ್ಮನದು ಹಾಗಲ್ಲ.

ಐಸಮ್ಮ ಕಬಕದ ಕಡೆಯ ಬ್ಯಾರಿ ಹೆಂಗಸು, ಗಂಡ ತೀರಿಕೊಂಡವಳು. ಬಸಳೆ, ಅಲಸಂಡೆ, ಸೌತೆ ಬೆಳೆದು ಸೋಮವಾರದ ಸಂತೆಗೆ ಹೊತ್ತು ತಂದು ಮಾರುತ್ತಿದ್ದಳು. ಅವಳ ತಮ್ಮ ಮೊಯ್ದು, ಕಬಕದ ರಸ್ತೆ ಬದಿಯಲ್ಲಿ ಅಕ್ಕಿ, ಒಣಮೀನು, ಬೀಡಿ ಮಾರುವ ಅಂಗಡಿಯವ. ತಂದೆ ಬಿಟ್ಟುಹೋದ ಜಾಗವನ್ನು ಪಾಲು ಮಾಡಿಕೊಳ್ಳಲು ಅಕ್ಕ ತಮ್ಮ ಇಬ್ಬರೂ ಇವರ ಹತ್ತಿರ ಬಂದರು. ವ್ರತ ಹಿಡಿದು ಮೂರು ವಾರ ಆಗಿದ್ದಿರಬೇಕು. ಮಳೆ ಹಿಡಿದು ಹೊಯ್ಯುತ್ತಿತ್ತು, ಜಗಲಿಯ ಅಂಚೆಲ್ಲ ಒದ್ದೆ. ಬಡಗು ಬದಿಯ ತುಂಡು, ಅದರಲ್ಲಿರುವ ಹುಲ್ಲಿನ ಮನೆ ಅಕ್ಕನಿಗೆ. ತೆಂಕು ಬದಿ, ಹಂಚಿನ ಮನೆ, ಬಾವಿ ತಮ್ಮನಿಗೆ. ಇಬ್ಬರಿಗೂ ಒಪ್ಪಿಗೆ.

ಇವರು ಕರಡು ಮಾಡುತ್ತಿದ್ದಾಗ ಮೊಯ್ದು ಬೇಸರ ಕಳೆಯಲು ಒಂದು ಬೀಡಿ ಹಚ್ಚಿದ. ಇವರ ಕೈ ನಿಂತಿತು. ಮೂಗು ಆ ಕಡೆಗೆ ತಿರುಗಿತು. ಎರಡು ಮೂರು ಸಲ ಉಸಿರು ಎಳೆದುಕೊಂಡರು. ಆಮೇಲೆ ತಾಳಲಾರದೆ, ಎದ್ದು ಬಂದು ಮೊಯ್ದುವಿನ ಬಾಯಿಯಿಂದಲೇ ಬೀಡಿಯನ್ನು ಕಿತ್ತು ಮಳೆನೀರಿಗೆ ಎಸೆದರು.

"ಇದು ಬರಹದ ಜಾಗ, ನಿನ್ನ ಮೀನಂಗಡಿ ಅಲ್ಲ! ನಾನು ಬಿಟ್ಟದ್ದು ಕಾಣುದಿಲ್ವಾ ನಿನಗೆ?"

ಜಗಲಿಯ ತುಂಬ ಜನ. ಮೊಯ್ದು ಬಾಯಿ ಒರೆಸಿಕೊಂಡ, ಅಷ್ಟೆ.

ಕರಡು ಓದಿದರು. ನಾಗಾಲೋಟದ ಓದು. ಓದಿ ಮುಗಿಸಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆ ಅಭ್ಯಾಸ ಹೋಗಿರಲಿಲ್ಲ. ಕೈ ಕಿವಿಯ ಮೇಲೆ ಹೋಯಿತು. ಅಲ್ಲಿ ಏನೂ ಇಲ್ಲ. ಕೂಡಲೇ ಕನ್ನಡಕ ತಿರುಗಿ ಮೂಗಿಗೇರಿತು, ಲೇಖನಿ ಶಾಯಿಗೆ ಮುಳುಗಿತು.

ಐಸಮ್ಮ ಮಾಡಿನ ಕಡೆ ನೋಡುತ್ತ ತುಟಿ ಅಲ್ಲಾಡಿಸುತ್ತಿದ್ದಳು. ಅಂಗಳ ಸುತ್ತಿ ಬರುವ ನೆನಪು ಆಗಷ್ಟೇ ಹೊರಟಿತ್ತು.

"ಎಂತ ಆಲೋಚನೆ ಅದು? ಬೆಳಿಗ್ಗೆಯಿಂದ ಹೇಳಿದ್ದೆಲ್ಲ ಬರ್ದಾಯ್ತಲ್ಲ? ಸರಿ ಉಂಟಾ ಇಲ್ವಾ?"

"ಸರಿ... ಉಂಟು" ಎಂದಳು ಅವಳು.

ಆ ತುಟಿ ಅಲ್ಲಾಡುವುದನ್ನು ನಾನೂ ನೋಡಿದ್ದೆ. ಇಷ್ಟು ವರ್ಷ ಇದೇ ಕೆಲಸ ಮಾಡಿದವನಿಗೆ ಅದರ ಅರ್ಥ ಗೊತ್ತಿತ್ತು. ಅವರ ಬೈಗುಳು ನನ್ನ ಕಡೆ ತಿರುಗುವುದು ಬೇಡವೆಂದು ನಾನು ನನ್ನ ಕಾಗದಕ್ಕೆ ತಲೆ ತಗ್ಗಿಸಿದೆ.

ಬಿಟ್ಟುಹೋದದ್ದು ಒಂದೇ ಸಾಲು. ತಮ್ಮನ ಪಾಲಿಗೆ ಬಂದ ಬಾವಿಯಿಂದ ನೀರು ಸೇದುವ ಹಕ್ಕು ಅಕ್ಕನಿಗೂ ಉಂಟು ಎನ್ನುವ ಸಾಲು. ಹೊರಗೆ ಹಾಗೆ ಮಳೆ ಹೊಯ್ಯುತ್ತಿರುವಾಗ ಬಾವಿ ಯಾರಿಗೆ ನೆನಪಾಗುತ್ತದೆ? ಒಂದು ಬೀಡಿಯ ಹೊತ್ತು ಸಿಕ್ಕಿದ್ದರೆ ಆಗುತ್ತಿತ್ತು.

ಬೇಸಿಗೆ ಬಂತು. ಅಕ್ಕ ತಮ್ಮನಿಗೆ ಒಂದು ಕೋಳಿಯ ವಿಷಯದಲ್ಲಿ ಮಾತಿಗೆ ಮಾತು ಬೆಳೆಯಿತಂತೆ. ಮೊಯ್ದು ಬಾವಿಯ ರಾಟೆ ಹಗ್ಗ ಎರಡನ್ನೂ ಬಿಚ್ಚಿ ಒಳಗಿಟ್ಟು, ಸುತ್ತ ಬೇಲಿ ಹಾಕಿ, "ಪತ್ರದಲ್ಲಿ ಉಂಟಾ ತೋರ್ಸು" ಎಂದ. ಐಸಮ್ಮನಿಗೆ ಮತ್ತೆ ಇದ್ದದ್ದು ಅರ್ಧ ಮೈಲು ಕೆಳಗಿನ ತೋಡು. ಅದರಲ್ಲಿ ಕಲ್ಲು ಮಾತ್ರ ಉಳಿಯಲು ಇನ್ನು ಹದಿನೈದು ದಿನ. ಬಸಳೆ ಆಗಲೇ ಬಾಡಿತ್ತು. ಅವಳ ಜೀವನವೆಂದರೆ ಆ ಬಸಳೆ.

ಒಂದು ಬೆಳಿಗ್ಗೆ ಅವಳು ಖಾಲಿ ಕೊಡಪಾನ ಸೊಂಟದಲ್ಲಿ ಇಟ್ಟುಕೊಂಡೇ ಬಸ್ಸಿಳಿದು ಬಂದಳು. ಬಂದವಳು ಅದನ್ನು ಅವರ ಮೇಜಿನ ಮೇಲೆ, ಬರೆಯುತ್ತಿದ್ದ ಕಾಗದದ ಮೇಲೇ ಇಟ್ಟಳು.

"ಇದಕ್ಕೆ ಎಂತ ತುಂಬಿಸುದು ಹೇಳಿ ರಾಯ್ರೆ. ಪತ್ರ ತುಂಬಿಸ್ಲಿಕ್ಕೆ ಆಗ್ತದಾ?"

"ತೆಗಿ ಅದನ್ನು! ನೀನು ಹೇಳಿದ್ದನ್ನು ನಾನು ಬರ್ದದ್ದು. ಬಾವಿಯ ಮಾತು ನೀನು ಎತ್ತಲೇ ಇಲ್ಲ."

"ಎತ್ಲಿಕ್ಕೆ ಬಿಟ್ರಲ್ವಾ ನೀವು? ನಮ್ಮ ಅಪ್ಪನ ಪತ್ರ ಬರೆಯುವಾಗಲೂ ನಾನು ಇಲ್ಲೇ ಕೂತಿದ್ದೆ. ಓದಿ ಆದ ಮೇಲೆ ನೀವು ಒಂದು ಬೀಡಿ ಹೊತ್ತಿಸಿದ್ರಿ. ಅದು ಮುಗಿಯುವಷ್ಟರಲ್ಲಿ ಅಪ್ಪನಿಗೆ ಎರಡು ತೆಂಗಿನ ಮರ ನೆನಪಾಯ್ತು. ನನಗೆ ಎಷ್ಟು ಹೊತ್ತು ಕೊಟ್ರಿ? ನಿಮ್ಮ ಬಾಯಿಗೆ ಬೀಡಿ ಇಲ್ಲ ಅಂತ ನನ್ನ ಕೊಡಪಾನಕ್ಕೆ ನೀರಿಲ್ಲ!"

 ತಾಳಮದ್ದಳೆಯಲ್ಲಿ ಎಂಥವರಿಗೂ ಎದುರುತ್ತರ ಕೊಡುವವರು ಅಂದು ಕೊಡಪಾನವನ್ನು ಕಾಗದದ ಮೇಲಿಂದ ಎತ್ತಿ ಕೆಳಗಿಟ್ಟರು. ಕೈ ಕಿವಿಗೆ ಹೋಗಿ ಅಲ್ಲೇ ನಿಂತಿತ್ತು. ಆಮೇಲೆ ನನ್ನ ಕಡೆ ತಿರುಗಿ, "ತಿದ್ದುಪಡಿ ಪತ್ರ ಮಾಡುವ. ನೀನೂ ಬಾ, ಸಾಕ್ಷಿಗೆ" ಎಂದರು. ನಾನು ಬರಬೇಕೆಂದದ್ದು ಸಾಕ್ಷಿಗಲ್ಲ. ಮೊಯ್ದುವಿನ ಎದುರು ಒಬ್ಬರೇ ಹೋಗಲು ಅವರಿಗೆ ಧೈರ್ಯವಿರಲಿಲ್ಲ.

ಮೂರನೆಯ ದಿನ ಮಧ್ಯಾಹ್ನದ ಬಸ್ಸಿಗೆ ಕಬಕಕ್ಕೆ ಹೋದೆವು. ಪತ್ರವನ್ನು ಅವರು ಮನೆಯಲ್ಲೇ ಬರೆದು ತಂದಿದ್ದರು, ಸುರುಳಿ ಸುತ್ತಿ, ನೂಲು ಕಟ್ಟಿ. ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಒಳಗಿನ ಬಾಗಿಲಿನ ಪರದೆಯ ಹಿಂದೆ ಐಸಮ್ಮ ನಿಂತಿದ್ದಳು, ಅವಳ ಕಾಲು ಕಾಣುತ್ತಿತ್ತು. ಮೊಯ್ದು ಎರಡು ಸ್ಟೂಲು ಒರೆಸಿ ಕೊಟ್ಟ, ಸೋಡಾ ಒಡೆದ. ವಿಷಯ ಎಲ್ಲ ಕೇಳಿದ ಮೇಲೆ ತಣ್ಣಗೆ ಹೇಳಿದ:

"ಸಹಿ ಹಾಕುವ ರಾಯ್ರೆ. ನನ್ನ ಅಕ್ಕನಿಗೆ ನೀರು ಕೊಡ್ಲಿಕ್ಕೆ ನನಗೆ ಎಂತ? ಆದ್ರೆ ಆ ದಿನ ಅಷ್ಟು ಜನರ ಎದುರು ನನ್ನ ಬಾಯಿಯಿಂದ ಎಳೆದು ಬಿಸಾಡಿದ್ರಲ್ಲ, ಅದು ಒಂದು ಬಾಕಿ ಉಂಟು." ಗಾಜಿನ ಭರಣಿಯಿಂದ ಒಂದು ಬೀಡಿ ತೆಗೆದು ತಕ್ಕಡಿಯ ತಟ್ಟೆಯಲ್ಲಿ ಇಟ್ಟ. "ಇದನ್ನು ಎಳೀರಿ. ನನ್ನ ಎದುರು, ಪೂರ್ತಿ. ಮತ್ತೆ ಸಹಿ."

ಅವರು ನೆಟ್ಟಗೆ ನಿಂತರು. "ನನ್ನ ಪ್ರತಿಜ್ಞೆ ಊರಿಗೇ ಗೊತ್ತುಂಟು."

"ಗೊತ್ತುಂಟು. ಅದಕ್ಕೇ ಹೇಳಿದ್ದು."

ಅವರು ಅಂಗಡಿಯಿಂದ ಇಳಿದು ರಸ್ತೆಗೆ ಹೋದರು. ಬಿಸಿಲಿನಲ್ಲಿ ನಡೆದರು, ಆ ಕಡೆ ಹದಿನೆಂಟು ಹೆಜ್ಜೆ, ಈ ಕಡೆ ಹದಿನೆಂಟು ಹೆಜ್ಜೆ. ಜಗಲಿಯ ಅಳತೆ ಕಾಲಿಗೆ ಹತ್ತಿಹೋಗಿತ್ತು. ಪರದೆಯ ಕೆಳಗಿನ ಕಾಲು ಅಲ್ಲಾಡಲಿಲ್ಲ. ಇವರು ಬಸ್ಸು ಹತ್ತಿ ಹೋಗಿಬಿಡುತ್ತಾರೆ, ನಾಳೆ ಹೋಟೆಲಿನಲ್ಲಿ ಇದನ್ನೇ ದೊಡ್ಡ ಕಥೆಯಾಗಿ ಹೇಳುತ್ತಾರೆ ಎಂದು ನಾನು ನಿಶ್ಚಯ ಮಾಡಿಕೊಂಡೆ. ಅಷ್ಟರಲ್ಲಿ ಅವರು ತಿರುಗಿ ಬಂದರು. ರಸ್ತೆಯ ಎರಡೂ ಕಡೆ ನೋಡಿದರು. ಅಂಗಡಿಯ ಹಲಗೆ ಬಾಗಿಲು ಅರ್ಧ ಎಳ್ಕೊ ಎಂದು ಮೊಯ್ದುವಿಗೆ ಹೇಳಿದರು. ನನ್ನ ಕಡೆ ತಿರುಗಿ, "ಇದು ನಿನ್ನ ಬಾಯಿಯಿಂದ ಹೊರಗೆ ಬಂದ್ರೆ ಜಾಗ್ರತೆ" ಎಂದರು. ಬೀಡಿ ತೆಗೆದುಕೊಂಡರು.

ಹೊಗೆಯ ಮೊದಲ ಎಳೆತಕ್ಕೆ ಅವರ ಕಣ್ಣು ಮುಚ್ಚಿತು. ಎಂಟು ತಿಂಗಳಿನಿಂದ ಗಂಟು ಹಾಕಿಕೊಂಡಿದ್ದ ಹಣೆ ಬಿಚ್ಚಿತು. ಇಷ್ಟು ದಿನ ನಮ್ಮ ಮೇಲೆ ಹಾರಾಡಿದ ಮನುಷ್ಯ ಅಕ್ಕಿಮೂಟೆಗೆ ಒರಗಿ ಮಗುವಿನ ಹಾಗೆ ಕೂತರು. ಕೊನೆಯ ತುಂಡು ಬೆರಳು ಸುಡುವ ತನಕ ಬಿಡಲಿಲ್ಲ. ಮೊಯ್ದು ಮಾತಿಗೆ ತಪ್ಪದೆ ಲೇಖನಿ ತೆಗೆದುಕೊಂಡ. ಇವರು ಸುರುಳಿ ಬಿಚ್ಚಿದರು. ಮೊಯ್ದು ಮೊದಲ ಪುಟಕ್ಕೆ ಸಹಿ ಹಾಕಿದ.

ಇವರು ಪುಟ ತಿರುಗಿಸಿದರು. "ಇಲ್ಲಿಗೂ ಬೇಕು" ಎಂದು ಹೇಳಿ, ಬಲಗೈಯನ್ನು ಭರಣಿಯ ಕಡೆಗೆ ಚಾಚಿದರು.

ಮೊಯ್ದು ಅವರ ಮುಖ ನೋಡಿದ. ನನ್ನ ಮುಖ ನೋಡಿದ. "ಪುಟಕ್ಕೆ ಒಂದಾ?" ಎಂದ.

ಬಾವಿಯಿಂದ ನೀರು ಸೇದುವ ಹಕ್ಕು ಉಂಟು, ಅದು ಮೊದಲ ಪತ್ರದಲ್ಲಿ ಬಿಟ್ಟುಹೋಗಿತ್ತು. ಇಷ್ಟನ್ನು ಬರೆಯಲು ನನಗೆ ಅರ್ಧ ಪುಟ ಹೆಚ್ಚು. ಅವರು ಮೂರು ಪುಟ ಬರೆದಿದ್ದರು. ಮೊಯ್ದು ಇಂಥ ಶರ್ತ ಹಾಕುತ್ತಾನೆಂದು ಅವರಿಗೆ ಮೊದಲೇ ತಿಳಿದಿರಲಿಕ್ಕಿಲ್ಲ. ತಳಮಳದಲ್ಲಿ ಬರೆದದ್ದು ಉದ್ದವಾಗಿತ್ತು, ಅಷ್ಟೇ ಇರಬೇಕು. ಆದರೆ ಆ ಉದ್ದವನ್ನು ಅವರು ಉಪಯೋಗಿಸಿಕೊಂಡ ಚಂದವನ್ನು ನಾನು ಕಣ್ಣಾರೆ ನೋಡಿದೆ. ಎರಡನೆಯದು ಹಚ್ಚಿದ್ದನ್ನು ನೋಡಿ ನಾಚಿಕೆಯಾಗಿ, ಬಸ್ಸು ನೋಡುತ್ತೇನೆಂದು ಹೇಳಿ ಹೊರಗೆ ಬಂದೆ.

ಮೊಯ್ದು ಮರುದಿನ ಕಚೇರಿಗೆ ಬಂದು ಎಲ್ಲ ಕ್ರಮಪ್ರಕಾರ ಒಪ್ಪಿ ಹೋದ. ರಾಟೆ ಮೇಲೇರಿತು. ಮುಂದಿನ ಸಂತೆಗೆ ಐಸಮ್ಮ ಬಸಳೆ ತಂದಳು. ಆ ದಿನ ಕಬಕದಿಂದ ಹಿಂದಿರುಗುವ ದಾರಿಯಲ್ಲಿ ಇವರು ಒಂದು ಮುಷ್ಟಿ ಪೇರಳೆ ಎಲೆ ಜಗಿದು, ಎರಡು ಸಲ ಬಾಯಿ ಮುಕ್ಕಳಿಸಿ, ಅಂಗಿಯನ್ನು ಬಸ್ಸಿನ ಕಿಟಕಿಯಲ್ಲಿ ಗಾಳಿಗೆ ಹಿಡಿದಿದ್ದರು. ಮಾರನೆಯ ಬೆಳಿಗ್ಗೆ ಹೋಟೆಲಿನಲ್ಲಿ ಶೀನಪ್ಪನಿಗೆ ಹೇಳುವುದು ಕೇಳಿಸಿತು: "ಎಂಟು ತಿಂಗಳಾಯ್ತು ಮಾರಾಯ, ವಾಸನೆ ಸಹ ತೆಗೊಂಡವನಲ್ಲ." ನಾನು ಚಾದ ಗ್ಲಾಸಿನೊಳಗೆ ನೋಡಿದೆ.

ಅದರ ನಂತರ ಅವರು ಎಳೆದದ್ದು ನಾನು ಕಾಣಲಿಲ್ಲ. ಬೀಡಿಯ ಹಸಿವು ನಿಧಾನಕ್ಕೆ ಅಡಗಿತು; ಹಲಸಿನ ಬೀಜ ಕಡಿಮೆಯಾಯಿತು, ಬೆಂಕಿಪೆಟ್ಟಿಗೆ ಮನೆಗೆ ಹೋಯಿತು. ಉಪದೇಶ ಮಾತ್ರ ಕೊನೆಯ ತನಕ ಉಳಿಯಿತು. ಕರಡು ಓದಿದ ಮೇಲೆ ಸುಮ್ಮನೆ ಕೂರುವುದನ್ನು ಅವರು ಮತ್ತೆ ಕಲಿಯಲಿಲ್ಲ. ಅದನ್ನು ಕಲಿತದ್ದು ನಾನು. ಓದಿ ಮುಗಿದ ಕೂಡಲೇ ಎದ್ದು ಮೂಲೆಯ ಹೂಜಿಯಿಂದ ನೀರು ಬಗ್ಗಿಸಿ, ನಿಧಾನಕ್ಕೆ ಕುಡಿದು, ಲೋಟ ತೊಳೆದಿಟ್ಟು ಬರುತ್ತೇನೆ. ಎರಡು ಮರ, ಒಂದು ದಾರಿ, ಒಮ್ಮೆ ಒಂದು ದನದ ಹಟ್ಟಿ ಹೀಗೆ ನೆನಪಾಗಿ ಬಂದಿವೆ.

ಆ ಮಧ್ಯಾಹ್ನ ಅವರು ರಸ್ತೆಯಿಂದ ತಿರುಗಿ ಬಂದದ್ದು ಐಸಮ್ಮನ ಕೊಡಪಾನಕ್ಕಾಗಿಯೋ, ತಟ್ಟೆಯಲ್ಲಿದ್ದ ಬೀಡಿಗಾಗಿಯೋ ಎಂದು ನಾನು ಹತ್ತು ವರ್ಷ ಆಲೋಚಿಸಿದ್ದೇನೆ. ಅವರು ಮಾಡಿದ ಒಂದೇ ಒಂದು ಮರ್ಯಾದೆಯ ಕೆಲಸ ಆ ಬೀಡಿ. ಅದನ್ನೇ ಅವರು ಜೀವಮಾನ ಮುಚ್ಚಿಟ್ಟರು. ಆರು ಭಾಷಣದಲ್ಲಿ ಒಂದರಲ್ಲೂ ಅದು ಬರಲಿಲ್ಲ.

ಸಭೆ ಮುಗಿಸಿ ಹೊರಗೆ ಬಂದರೆ ಗೇಟಿನ ಹತ್ತಿರ ಐಸಮ್ಮ ಬುಟ್ಟಿ ಇಳಿಸಿ ನಿಂತಿದ್ದಳು. ಒಳಗೆ ಬರಲಿಕ್ಕೆ ಸಂಕೋಚವಾಯಿತಂತೆ.

"ಎಂತ ಹೇಳಿದ್ರು ಒಳಗೆ?" ಎಂದು ಕೇಳಿದಳು.

"ಸಾಯುವ ತನಕ ಬೀಡಿ ಮುಟ್ಟಲಿಲ್ಲ ಅಂತ."

ಅವಳು ತಲೆವಸ್ತ್ರದ ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡಳು. ಅಳುತ್ತಾಳೆ ಎಂದುಕೊಂಡೆ. ನಗುತ್ತಿದ್ದಳು.

"ನಮಗೆ ಗೊತ್ತುಂಟಲ್ಲ, ಎರಡು" ಎಂದೆ ನಾನು, ದನಿ ತಗ್ಗಿಸಿ.

"ಎರಡಾ? ನೀವು ಬಸ್ಸು ನೋಡ್ಲಿಕ್ಕೆ ಹೋದ ಮೇಲೆ ಮೂರನೇ ಪುಟಕ್ಕೆ ಇನ್ನೊಂದು ಎಳೆದ್ರು ಮಾರಾಯ್ರೆ. ಹೋಗುವಾಗ ಒಂದು ಕಿವಿ ಮೇಲೆ ಇಟ್ಕೊಂಡ್ರು. ಮತ್ತೆ ಏನು ಕಂಡಿತೋ, ಮೆಟ್ಟಿಲಲ್ಲಿ ನಿಂತು ಅದನ್ನು ತೆಗ್ದು ತಿರುಗಿ ಭರಣಿಗೆ ಹಾಕಿದ್ರು." ಅವಳು ಬುಟ್ಟಿಯನ್ನು ತಲೆಗೇರಿಸಿಕೊಂಡಳು. "ನನ್ನ ಬಸಳೆಗೆ ನೀರು ಬಂತಲ್ಲ. ಅದನ್ನೂ ಎಳೆದಿದ್ರೆ ನಾನು ಬೇಡ ಹೇಳ್ತಿರ್ಲಿಲ್ಲ."